ರೈಡರ್ ಉಂಟಾ ಎಂದು ಕೇಳುವವರಿಗೆ

ಮಳೆ ಬಿಟ್ಟು ಅಂಗಳ ಒಣಗುವ ಹೊತ್ತಿಗೆ ಸುಳ್ಯ, ಪುತ್ತೂರು, ಕಡಬದ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಫ್ಲೆಕ್ಸುಗಳು ಏಳತೊಡಗುತ್ತವೆ. ಟೀಮು ಕಟ್ಟುವವರ ಫೋನುಗಳು ಶುರುವಾಗುತ್ತವೆ. ಆಲೆಟ್ಟಿಯಿಂದ ಬಡ್ಡಡ್ಕ, ಕಲ್ಲಪಳ್ಳಿ ದಾಟಿ ಗಡಿಯಾಚೆಯ ಪಾಣತ್ತೂರಿನವರೆಗೆ ಯಾರಿಗೆ ಫೋನು ಹೋದರೂ ಮೊದಲ ಪ್ರಶ್ನೆ ಒಂದೇ: "ರೈಡರ್ ಉಂಟಾ ಮಾರಾಯಾ?" ರೈಡರ್ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಲೀಸು ಎಂಬುದು ಎಲ್ಲರ ನಂಬಿಕೆ. ಹಿಡಿಯಲಿಕ್ಕೆ ಊರಿನವರೇ ಸಾಕಂತೆ. ತೋಟದ ಕೆಲಸದಲ್ಲಿ ಮೈ ಗಟ್ಟಿಯಾದ ನಾಲ್ಕು ಜನ ಇದ್ದರಾಯಿತಂತೆ. ಹೊರಗಿನಿಂದ ಕಾಸು ಕೊಟ್ಟು ಕರೆಸುವುದಿದ್ದರೆ ರೈಡರನ್ನೇ ಕರೆಸಬೇಕಂತೆ. ಹಿಡಿಯುವವನನ್ನು ಕಾಸು ಕೊಟ್ಟು ಕರೆಸುತ್ತೇನೆಂದವನನ್ನು ಊರು ದಡ್ಡನೆಂದೇ ತಿಳಿಯುತ್ತದೆ.

ಈ ನಂಬಿಕೆ ಅಂಗಳದ ಬದಿಯಲ್ಲಿ ಹುಟ್ಟಿ ಬೆಳಗಾಗುವಾಗ ಅಲ್ಲೇ ಅಳಿದುಹೋಗುತ್ತಿದ್ದರೆ ಅದರ ಮೇಲೆ ಕಾಗದ ಖರ್ಚು ಮಾಡಬೇಕಾಗಿರಲಿಲ್ಲ. ಆದರೆ ಅದು ಶಾಲೆಗೂ ಹೋಗಿದೆ. ಚುರುಕಾದ, ಕಾಲು ಉದ್ದವಿರುವ ಹುಡುಗನಿಗೆ ರೈಡು ಕಲಿಸಲಾಗುತ್ತದೆ. ಉಳಿದವರನ್ನು "ನೀನು ಹಿಂದೆ ನಿಲ್ಲು" ಎಂದು ನಿಲ್ಲಿಸಲಾಗುತ್ತದೆ. ಮನೆಗೂ ಹೋಗಿದೆ. ಮಗ ರೈಡರ್ ಎಂದರೆ ಅಪ್ಪನಿಗೆ ಪ್ರೊ ಕಬಡ್ಡಿಯ ಹರಾಜು ನೆನಪಾಗುತ್ತದೆ, ಮಗ ಕಾರ್ನರಿನಲ್ಲಿ ನಿಲ್ಲುತ್ತಾನೆ ಎಂದರೆ ಮೊಣಕಾಲು ನೆನಪಾಗುತ್ತದೆ. ರೈಡಿನಲ್ಲಿ ಸೋತವನೇ ಹಿಡಿತಕ್ಕೆ ಹೋಗುವುದು, ಹಿಡಿತಕ್ಕೆ ಬೇಕಾದದ್ದು ತೋಳಿನ ಬಲ ಮಾತ್ರ, ಜನ ಟಿಕೆಟು ಕೊಳ್ಳುವುದು ರೈಡು ನೋಡಲಿಕ್ಕೆ, ಆದ್ದರಿಂದ ಹಿಡಿಯುವವನ ಆಟ ಒಂದು ಬಾಳುವೆಯಲ್ಲ: ನಾಲ್ಕೂ ಸೇರಿ ಈಗ ನಮ್ಮ ಕಡೆಯ ಒಂದೇ ಸಿದ್ಧಾಂತವಾಗಿದೆ. ನನ್ನ ಪ್ರಕಾರ ನಾಲ್ಕೂ ತಪ್ಪು.

ಮೊದಲು ಜಕಾರ್ತಕ್ಕೆ ಹೋಗೋಣ, ದಾರಿ ಒಂದು ಹರಾಜಿನಿಂದ ಶುರುವಾಗುತ್ತದೆ. 2018ರ ಮೇ ತಿಂಗಳಲ್ಲಿ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ಹರಾಜು ನಡೆಯಿತು. ಕಬಡ್ಡಿಯವನಿಗೆ ಕೋಟಿ ಬೆಲೆ ಬಂದದ್ದು ಆಗಲೇ ಮೊದಲು. ಆರು ಜನ ಕೋಟಿ ಮುಟ್ಟಿದರು. ಮೋನು ಗೋಯತ್ 1.51 ಕೋಟಿ, ರಾಹುಲ್ ಚೌಧರಿ 1.29 ಕೋಟಿ, ನಿತಿನ್ ತೋಮರ್ ಮತ್ತು ದೀಪಕ್ ಹೂಡಾ ತಲಾ 1.15 ಕೋಟಿ, ರಿಶಾಂಕ್ ದೇವಾಡಿಗ 1.11 ಕೋಟಿ. ಹೂಡಾ ಅವರನ್ನು ಆಲ್‌ರೌಂಡರ್ ಎಂದು ಬದಿಗಿಟ್ಟರೂ ಉಳಿದ ನಾಲ್ವರೂ ರೈಡರುಗಳೇ. ಆರನೆಯವರು ಇರಾನಿನ ಫಜಲ್ ಅತ್ರಾಚಲಿ, ಎಡ ಕಾರ್ನರ್, ಸರಿಯಾಗಿ ಒಂದು ಕೋಟಿ. ನಮ್ಮ ದೇಶದ ಒಬ್ಬನೇ ಒಬ್ಬ ಹಿಡಿತಗಾರನೂ ಆ ಪಟ್ಟಿಯಲ್ಲಿ ಇರಲಿಲ್ಲ.

ಮೂರು ತಿಂಗಳು ಕಳೆಯಿತು. ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್. 1990ರಲ್ಲಿ ಕಬಡ್ಡಿ ಅಲ್ಲಿ ಸೇರಿದಂದಿನಿಂದ ಪುರುಷರ ಏಳು ಚಿನ್ನಗಳೂ ಭಾರತದವು. ಈ ಸಲದ ತಂಡದಲ್ಲಿ ಆ ಕೋಟಿವೀರರ ಪೈಕಿ ಮೋನು, ರಾಹುಲ್, ದೀಪಕ್, ರಿಶಾಂಕ್ ನಾಲ್ವರೂ ಇದ್ದರು. ಜೊತೆಗೆ ನಾಯಕ ಅಜಯ್ ಠಾಕೂರ್. ಜೊತೆಗೆ ಹಿಂದಿನ ವರ್ಷವಷ್ಟೇ ಒಂದೇ ಆವೃತ್ತಿಯಲ್ಲಿ 369 ರೈಡ್ ಪಾಯಿಂಟ್ ಮಾಡಿದ್ದ ಪರ್ದೀಪ್ ನರ್ವಾಲ್. ಜಗತ್ತಿನಲ್ಲಿ ಅದಕ್ಕಿಂತ ದುಬಾರಿ ರೈಡರುಗಳ ಗುಂಪು ಆಗ ಇರಲಿಲ್ಲ. ಸೆಮಿಫೈನಲಿನಲ್ಲಿ ಎದುರಿಗೆ ಇರಾನ್, ಅಲ್ಲಿ ಫಜಲ್. ಇರಾನ್ 27, ಭಾರತ 18.

ಹದಿನೆಂಟು! ನಲವತ್ತು ನಿಮಿಷದ ಆಟದಲ್ಲಿ ಒಂದು ತಂಡಕ್ಕೆ ಹೆಚ್ಚುಕಡಿಮೆ ನಲವತ್ತು ರೈಡು ಸಿಗುತ್ತದೆ. ನಮ್ಮ ಕೋಟಿಗಳೆಲ್ಲ ಸೇರಿ, ನಮ್ಮವರು ಹಿಡಿದದ್ದನ್ನೂ ಕೂಡಿಸಿದರೆ, ಗಳಿಸಿದ್ದು ಅಷ್ಟು. ನಾಯಕನಿಗೆ ಗಾಯವಾಯಿತು ಎಂಬ ಸಮಜಾಯಿಷಿ ಆಗಲೂ ಇತ್ತು, ಈಗಲೂ ಇದೆ, ಗಾಯವಾದದ್ದು ನಿಜ. ಆದರೆ ಒಬ್ಬ ರೈಡರ್ ಹೊರಗೆ ಹೋದದ್ದಕ್ಕೆ ಇನ್ನೈದು ರೈಡರುಗಳಿರುವ ತಂಡ ಕುಸಿಯಿತೆಂದರೆ ಆ ಸಮಜಾಯಿಷಿ ಯಾರ ಪಕ್ಷದ ವಾದ? ಫೈನಲಿನಲ್ಲಿ ಇರಾನ್ ದಕ್ಷಿಣ ಕೊರಿಯಾವನ್ನು 26–16ರಿಂದ ಕಟ್ಟಿಹಾಕಿತು. ಅದೇ ಕೂಟದಲ್ಲಿ ನಮ್ಮ ಮಹಿಳೆಯರೂ ಫೈನಲಿನಲ್ಲಿ ಇರಾನಿಗೆ 27–24ರಿಂದ ಸೋತರು. ಕುಸ್ತಿಯನ್ನು ಮನೆಯ ಆಟದಂತೆ ಆಡುವ ಇರಾನಿನವರು ಕಬಡ್ಡಿಗೆ ಹಿಡಿತದ ಬಾಗಿಲಿನಿಂದ ಬಂದರು, ನಾವು ಹರಾಜಿನ ಬಾಗಿಲಿನಿಂದ.

ಇಷ್ಟಾದ ಮೇಲೂ "ರೈಡರೇ ಗೆಲ್ಲಿಸುವುದು" ಎನ್ನುವವರ ಕೈಯಲ್ಲಿ ಒಂದು ಗಟ್ಟಿ ಪುರಾವೆ ಉಂಟು, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ಅದು ಗುಜರಾತ್ ತಂಡದ ಕತೆ. 2017ರಲ್ಲಿ ಹೊಸದಾಗಿ ಹುಟ್ಟಿದ ಗುಜರಾತ್ ಫಾರ್ಚೂನ್ ಜೈಂಟ್ಸ್ ತಂಡಕ್ಕೆ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ನಾಯಕ, ಮನ್‌ಪ್ರೀತ್ ಸಿಂಗ್ ಕೋಚ್. ಕಾರ್ನರುಗಳಲ್ಲಿ ಇರಾನಿನ ಫಜಲ್ ಮತ್ತು ಅಬೋಜರ್, ಕವರುಗಳಲ್ಲಿ ಸುನಿಲ್ ಕುಮಾರ್ ಮತ್ತು ಪರ್ವೇಶ್. ಲೀಗಿನಲ್ಲಿ ಆ ನಾಲ್ವರ ನಡುವೆ ಹೋಗಿ ಬರುವುದೇ ರೈಡರುಗಳಿಗೆ ಕಷ್ಟವಾಯಿತು. ಆದರೆ ಫೈನಲಿನಲ್ಲಿ ಪಟ್ನಾದ ಪರ್ದೀಪ್ ನರ್ವಾಲ್ ಆ ಗೋಡೆಯನ್ನು ಒಡೆದುಹಾಕಿದರು, 55–38. ಮುಂದಿನ ಆವೃತ್ತಿಯ ಫೈನಲು 2019ರ ಜನವರಿಯಲ್ಲಿ ನಡೆಯಿತು. ಗುಜರಾತ್ ಪುನಃ ಬಂತು, ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಒಬ್ಬರೇ 22 ರೈಡ್ ಪಾಯಿಂಟ್ ತಂದು 38–33ರಿಂದ ಗೆಲ್ಲಿಸಿದರು. ಆ ರಾತ್ರಿ ಕರ್ನಾಟಕದಲ್ಲಿ ಕುಣಿಯದವರು ಕಡಿಮೆ. "ನೋಡಿದಿರಾ, ಡಿಫೆನ್ಸಿನಿಂದ ಫೈನಲಿಗೆ ಬರಬಹುದು, ಕಪ್ಪು ಎತ್ತಲಿಕ್ಕಾಗುವುದಿಲ್ಲ" ಎಂಬ ಮಾತು ಹುಟ್ಟಿಕೊಂಡದ್ದು ಆ ಎರಡು ರಾತ್ರಿಗಳಿಂದ.

ಹಾಗೆ ಹೇಳಿದವರು ಕತೆಯ ಉಳಿದರ್ಧವನ್ನು ಓದಲಿಲ್ಲ. ಮನ್‌ಪ್ರೀತ್ ತಮ್ಮ ನಂಬಿಕೆ ಬಿಡಲಿಲ್ಲ. ಹರಿಯಾಣ ಸ್ಟೀಲರ್ಸ್‌ಗೆ ಹೋಗಿ ಮತ್ತೆ ಹಿಡಿತದಿಂದಲೇ ತಂಡ ಕಟ್ಟಿದರು. 2024ರ ಮಾರ್ಚ್ 1ಕ್ಕೆ ಹತ್ತನೇ ಆವೃತ್ತಿಯ ಫೈನಲು. ಎದುರಿಗೆ ಕರ್ನಾಟಕದ ಬಿ.ಸಿ. ರಮೇಶ್ ತರಬೇತು ಕೊಟ್ಟ ಪುಣೇರಿ ಪಲ್ಟನ್. ರಮೇಶರ ತಂಡವೂ ಹಿಡಿತದ್ದೇ. ಅಲ್ಲಿದ್ದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಆ ಆವೃತ್ತಿಯಲ್ಲಿ 99 ಟ್ಯಾಕಲ್ ಪಾಯಿಂಟ್ ಮಾಡಿದ್ದರು, ಎಲ್ಲರಿಗಿಂತ ಹೆಚ್ಚು. ಫೈನಲಿನ ಅಂಕ 28–25. ಮನ್‌ಪ್ರೀತರಿಗೆ ಮತ್ತೊಂದು ಸೋಲು, ಆದರೆ ಈ ಸಲ ಸೋತದ್ದು ಇನ್ನೊಂದು ಹಿಡಿತದ ತಂಡಕ್ಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಹನ್ನೊಂದನೇ ಆವೃತ್ತಿಯ ಫೈನಲು. ಅಷ್ಟರಲ್ಲಿ ಶಾದ್ಲೂಯಿ ಹರಿಯಾಣಕ್ಕೆ ಬಂದಿದ್ದರು, ನಾಯಕ ಜೈದೀಪ್ ದಹಿಯಾ ಕವರಿನಲ್ಲಿ ನಿಲ್ಲುವವರು. ಹರಿಯಾಣ 32, ಪಟ್ನಾ ಪೈರೇಟ್ಸ್ 23. ಒಂದು ಫೈನಲಿನಲ್ಲಿ ಸೋತ ತಂಡ 25, ಇನ್ನೊಂದರಲ್ಲಿ 23. ಎರಡು ಕಪ್ಪು ಒಂದೇ ವರ್ಷದಲ್ಲಿ, ಎರಡರಲ್ಲೂ ಒಬ್ಬನೇ ಹಿಡಿತಗಾರ. ಇದನ್ನು ಆಕಸ್ಮಿಕ ಎನ್ನುವುದಾದರೆ ಪರ್ದೀಪ್, ಪವನರ ಎರಡು ರಾತ್ರಿಗಳನ್ನೂ ಆಕಸ್ಮಿಕ ಎನ್ನಬೇಕಾಗುತ್ತದೆ.

ನಮ್ಮ ಪುತ್ತೂರಿನವರೇ ಆದ ಪ್ರಶಾಂತ್ ಕುಮಾರ್ ರೈ ಅವರ ಉದಾಹರಣೆಯನ್ನು ಊರಿನಲ್ಲಿ ರೈಡಿನ ಪರವಾಗಿ ಕೊಡುವುದುಂಟು. 2018ರ ಹರಾಜಿನಲ್ಲಿ ಅವರಿಗೆ 79 ಲಕ್ಷ ಬಂದಾಗ ಈ ಮೂರು ತಾಲೂಕುಗಳಲ್ಲಿ ರೈಡು ಕಲಿಯಲಿಕ್ಕೆ ಹೊರಟ ಹುಡುಗರಿಗೆ ಲೆಕ್ಕವಿಲ್ಲ. ಸಂತೋಷವೇ. ಆದರೆ ರೈ ಅವರು ನಾಯಕರಾಗಿ ಪಟ್ನಾವನ್ನು ಎಂಟನೇ ಆವೃತ್ತಿಯ ಫೈನಲಿಗೆ ಕೊಂಡೊಯ್ದದ್ದು ಎಂಥ ತಂಡದಿಂದ ಎಂದು ಯಾರಾದರೂ ಕೇಳಿದ್ದಾರಾ? ಆ ವರ್ಷ ಲೀಗಿನ ತಲೆಯ ಮೇಲೆ ಕೂತ ಪಟ್ನಾದ ಬೆನ್ನೆಲುಬು ಅದರ ಹಿಡಿತ: ಎಡ ಕಾರ್ನರಿನಲ್ಲಿ ಆಗಿನ್ನೂ ಹೊಸಬರಾಗಿದ್ದ ಇದೇ ಶಾದ್ಲೂಯಿ, ಆವೃತ್ತಿಯ ಅತ್ಯುತ್ತಮ ಹಿಡಿತಗಾರ, ಜೊತೆಗೆ ಸುನಿಲ್, ನೀರಜ್ ಕುಮಾರ್, ಸಾಜಿನ್. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲಿನಲ್ಲಿ ದಬಾಂಗ್ ದೆಹಲಿಗೆ ಒಂದೇ ಒಂದು ಅಂಕದಿಂದ, 37–36ರಿಂದ ಸೋತರು. ನಮ್ಮ ಊರಿನ ರೈಡರಿನ ಬಾಳುವೆಯ ಅತ್ಯಂತ ಎತ್ತರದ ವರ್ಷವನ್ನು ಹೊತ್ತು ನಿಂತವರು ಹಿಡಿಯುವವರು. ಇದು ರೈ ಅವರನ್ನು ಕಿರಿದು ಮಾಡುವ ಮಾತಲ್ಲ. ಹಿಂದೆ ನಿಂತವರನ್ನು ನಂಬಿ ಆಡಿಸುವುದು ನಾಯಕನ ಗುಣ, ನಮ್ಮ ಸಂಘಟಕರಿಗೆ ಇನ್ನೂ ಬಾರದ ಗುಣ.

ಈಗ ಹಿಡಿತಕ್ಕೆ ಬೇಕಾದದ್ದು ತೋಳ್ಬಲ ಎಂಬ ಮಾತಿಗೆ ಬರುತ್ತೇನೆ. ಬೋನಸ್ ಗೆರೆಯನ್ನೇ ತೆಗೆದುಕೊಳ್ಳಿ. ಅಂಗಳದಲ್ಲಿ ಆರು ಅಥವಾ ಏಳು ಜನ ಹಿಡಿತಗಾರರಿದ್ದಾಗ ಮಾತ್ರ ಬೋನಸ್. ರೈಡರಿನ ಒಂದು ಕಾಲು ಗೆರೆಯಾಚೆ ನೆಲ ಮುಟ್ಟಬೇಕು, ಆ ಹೊತ್ತಿಗೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಇಡೀ ಭಾರ ಚಾಚಿದ ಒಂದೇ ಕಾಲಿನ ಮೇಲಿರುತ್ತದೆ. ಕಾರ್ನರಿನವನು ಕಾಯುವುದು ಆ ಗಳಿಗೆಗೆ. ಮೊದಲೇ ನುಗ್ಗಿದರೆ ರೈಡರ್ ಕಾಲು ಹಿಂದೆಗೆದು ಬೆನ್ನು ತಟ್ಟಿ ಹೋಗುತ್ತಾನೆ. ತಡವಾದರೆ ಹಿಂದಿನ ಕಾಲು ನೆಲಕ್ಕೆ ಬಂದಾಯಿತು, ಜಿಗಿದಾಯಿತು. ರೈಡರಿನ ಕಣ್ಣು ಎಡಕ್ಕೆ, ಸೊಂಟ ಬಲಕ್ಕೆ, ಕಾಲು ಇನ್ನೆಲ್ಲಿಗೋ. ಕಣ್ಣನ್ನು ನಂಬಿದ ಕಾರ್ನರ್ ಔಟಾಗುತ್ತಾನೆ, ಸೊಂಟ ನೋಡುವವನು ಉಳಿಯುತ್ತಾನೆ. ಬಂದ ರೈಡರ್ ಹಿಂದಿನ ರೈಡಿನಲ್ಲಿ ಯಾವ ಕಾಲು ಮುಂದಿಟ್ಟ, ಉಸಿರು ಎಷ್ಟು ಉಂಟು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಹೋಯಿತು, ಇದು ಎರಡು ಖಾಲಿ ರೈಡಿನ ನಂತರದ ಮೂರನೆಯದಾ, ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಸುಮ್ಮನೆ ನಿಂತಂತೆ ನಿಲ್ಲಬೇಕು. ನೋಡುವವರಿಗೆ ಸುಮ್ಮನೆ ನಿಂತದ್ದಷ್ಟೇ ಕಾಣುತ್ತದೆ.

ಇನ್ನು ಸರಪಳಿ. ಕಾರ್ನರಿನವನು ಕಾಲು ಹಿಡಿದ ಕೂಡಲೇ ಆಟ ಮುಗಿಯುವುದಿಲ್ಲ; ಅಲ್ಲಿಂದ ನಡುಗೆರೆಯ ತನಕ ರೈಡರ್ ಕಾಲಿಗೆ ಜೋತುಬಿದ್ದವನನ್ನೂ ಎಳೆದುಕೊಂಡು ಹೋಗಬಲ್ಲ. ಕವರಿನವನು ದಾರಿಗೆ ಅಡ್ಡ ಬರಬೇಕು, ಇನ್ನೊಬ್ಬ ಸೊಂಟಕ್ಕೆ ಬರಬೇಕು, ಕೈ ಕೈ ಹಿಡಿದವರು ಕೈ ಬಿಡಬಾರದು. ಹೀಗೆ ಬೆಂಬಲಕ್ಕೆ ಬಂದವನ ಸ್ಥಿತಿ ನೋಡಿ: ಹಿಡಿತ ಕೂಡಿದರೆ ಟ್ಯಾಕಲ್ ಪಾಯಿಂಟ್ ಬರೆಯುವುದು ಒಬ್ಬನ ಹೆಸರಿಗೆ, ಸಾಮಾನ್ಯವಾಗಿ ಮೊದಲು ಹಿಡಿದವನ ಹೆಸರಿಗೆ. ಹಿಡಿತ ತಪ್ಪಿ ರೈಡರ್ ಗೆರೆ ಮುಟ್ಟಿದನೋ, ಮೈಗೆ ಕೈ ತಾಗಿಸಿದವರೆಲ್ಲ ಔಟು. ಗೆದ್ದರೆ ಪಾಲಿಲ್ಲ, ಸೋತರೆ ಪಾಲುಂಟು. ಇಂಥ ಕರಾರಿಗೆ ಕಣ್ಣು ಮುಚ್ಚಿ ಸಹಿ ಹಾಕಿ ನುಗ್ಗುವವನನ್ನು "ಹಿಡಿಯಲಿಕ್ಕೆ ಯಾರಾದರೂ ಆದೀತು" ಎನ್ನುವ ಬಾಯಿಗೆ ಏನು ಹೇಳುವುದು?

ಲೆಕ್ಕವೂ ಹಾಗೆಯೇ ರೈಡರಿನ ಕಡೆ ವಾಲಿದೆ. ರೈಡರ್ ಮೂವರನ್ನು ಮುಟ್ಟಿ ಬಂದರೆ ಮೂರು, ಜೊತೆಗೆ ಬೋನಸ್ ಬೇರೆ. ಮೂವರು ಸೇರಿ ರೈಡರನ್ನು ಕೆಡಹಿದರೆ ಒಂದು. ಅಂಗಳದಲ್ಲಿ ಮೂವರು ಅಥವಾ ಕಡಿಮೆ ಉಳಿದಾಗ ಹಿಡಿದರೆ ಮಾತ್ರ ಸೂಪರ್ ಟ್ಯಾಕಲಿನ ಎರಡು. ಇದು ನಿಯಮ, ತಕರಾರಿಲ್ಲ. ತಕರಾರಿರುವುದು ಆ ಒಂದು ಅಂಕವನ್ನು ಒಂದೇ ಎಂದು ಎಣಿಸುವುದಕ್ಕೆ. ಮುಖ್ಯ ರೈಡರ್ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಒಂದು ಅಂಕ ಬಂತು. ಹಿಡಿದ ತಂಡದಲ್ಲಿ ಔಟಾಗಿ ಕೂತವನೊಬ್ಬ ಎದ್ದು ಒಳಗೆ ಬಂದ. ಮೂರನೆಯದು ಬೋರ್ಡಿನಲ್ಲಿ ಬರುವುದಿಲ್ಲ: ಆ ರೈಡರ್ ಈಗ ಹೊರಗೆ. ಔಟಾದ ಕ್ರಮದಲ್ಲೇ ಏಳಬೇಕಾದ್ದರಿಂದ ಅವನಿಗಿಂತ ಮೊದಲು ಔಟಾದವರು ಎದ್ದ ಮೇಲೆ ಅವನ ಸರದಿ. ಬೋನಸ್ ಪಾಯಿಂಟಿಗೆ ಯಾರೂ ಏಳುವುದಿಲ್ಲ. ಅವನ ತಂಡ ಎರಡನೇ, ಮೂರನೇ ರೈಡರುಗಳಿಂದ ಗಳಿಸಿ ಅವನನ್ನು ಎಬ್ಬಿಸಬೇಕು. ಹತ್ತು ನಿಮಿಷ ಕೂತರೆ ತಂಡಕ್ಕೆ ಹತ್ತು ರೈಡು ಅವನಿಲ್ಲದೆ ಹೋಯಿತು, ನಲವತ್ತರಲ್ಲಿ ಹತ್ತು. ಈ ಹತ್ತು ರೈಡಿನ ಮೌನವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ? ಬರೆಯುವುದಿಲ್ಲ. ಬರೆಯದ್ದನ್ನು ಆಮೇಲೆ ಇಲ್ಲ ಎನ್ನುತ್ತೀರಿ.

ಬರೆಯದ್ದು ಇಲ್ಲವಾಗುವ ರೋಗ ನಮ್ಮದು ಮಾತ್ರ ಅಲ್ಲ. ಅಮೆರಿಕದವರ ಫುಟ್‌ಬಾಲ್ ಎಂಬ ಆಟ ಉಂಟಲ್ಲ, ಹೆಲ್ಮೆಟು ಹಾಕಿ ಡಿಕ್ಕಿ ಹೊಡೆಯುವುದು, ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವ ಚೆಂಡು ಎಸೆಯುವ ಯಜಮಾನ. ಅವನು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡಹುವುದು ರಕ್ಷಣೆಯವರ ದೊಡ್ಡ ಸಾಧನೆ, ಅದಕ್ಕೆ ಸ್ಯಾಕ್ ಎಂದು ಹೆಸರು. ಆ ದೇಶದವರು ಆಟದಲ್ಲಿ ಎಣಿಸದೇ ಬಿಟ್ಟದ್ದಿಲ್ಲ ಎನ್ನುವಷ್ಟು ಎಣಿಸುವವರು. ಆದರೂ ಸ್ಯಾಕನ್ನು ಆಟಗಾರನ ಹೆಸರಿನಲ್ಲಿ ಅವರ ಲೀಗಾದ ಎನ್‌ಎಫ್‌ಎಲ್ ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು 1982ರಲ್ಲಿ. 1960ರ ದಶಕದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ನಿದ್ದೆ ಕೆಡಿಸಿದ ಡೀಕನ್ ಜೋನ್ಸ್ 1974ರಲ್ಲಿ ನಿವೃತ್ತರಾಗಿದ್ದರು. ಅಧಿಕೃತ ಪುಸ್ತಕದ ಪ್ರಕಾರ ಅವರ ಸ್ಯಾಕುಗಳು ಸೊನ್ನೆ. ಅಲ್ಲಿಯ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ರಕ್ಷಣೆಯವರಿಗೆ ಸಂದದ್ದು ಎರಡೇ ಸಲ, 1971ರಲ್ಲಿ ಆಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್. ಪೇಜ್ ಆಮೇಲೆ ಕಾನೂನು ಓದಿ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದರು. ಹಿಂದೆ ನಿಲ್ಲುವವನಿಗೆ ತಲೆ ಬೇಡ ಎನ್ನುವವರು ಇದನ್ನೂ ಬರೆದಿಟ್ಟುಕೊಳ್ಳಲಿ.

ಆದರೆ ಅಮೆರಿಕದವರು ಎಣಿಸಲು ಶುರುಮಾಡಿದ ಮೇಲೆ ಆದದ್ದೇನು? ಸ್ಯಾಕ್ ಎಂಬ ಅಂಕಿ ಸಿಕ್ಕಿದ ಮೇಲೆ ಅದಕ್ಕೆ ಬೆಲೆ ಬಂತು. 2025ರಲ್ಲಿ ಗ್ರೀನ್ ಬೇ ತಂಡ ಮೈಕಾ ಪಾರ್ಸನ್ಸ್ ಎಂಬ ರಕ್ಷಣೆಯ ಆಟಗಾರನೊಡನೆ ಮಾಡಿದ ಒಪ್ಪಂದ ವರ್ಷಕ್ಕೆ 47 ಮಿಲಿಯನ್ ಡಾಲರಿನದು. ಕ್ವಾರ್ಟರ್‌ಬ್ಯಾಕ್ ಅಲ್ಲದ ಯಾರಿಗೂ ಅಷ್ಟು ಅದುವರೆಗೆ ಸಿಕ್ಕಿರಲಿಲ್ಲ. ಎಣಿಸಿದ್ದಕ್ಕೇ ಇಷ್ಟೆಲ್ಲ ಬಂತೆಂದು ನಾನು ಹೇಳುವುದಿಲ್ಲ. ಎಣಿಸದೆ ಇದ್ದಿದ್ದರೆ ಬರುತ್ತಿರಲಿಲ್ಲ ಎಂದಂತೂ ಹೇಳುತ್ತೇನೆ. ನಮ್ಮಲ್ಲೂ ಸ್ವಲ್ಪ ಹಾಗಾಯಿತು. ಪ್ರೊ ಕಬಡ್ಡಿ ಟ್ಯಾಕಲ್ ಪಾಯಿಂಟಿನ ಪಟ್ಟಿ ಇಟ್ಟದ್ದರಿಂದಲೇ ಯುಪಿ ಯೋಧಾದ ನಿತೇಶ್ ಕುಮಾರ್ 2018ರಲ್ಲಿ ಒಂದೇ ಆವೃತ್ತಿಯಲ್ಲಿ ನೂರು ಟ್ಯಾಕಲ್ ಪಾಯಿಂಟ್ ಮಾಡಿದ ಮೊದಲಿಗ ಎಂದು ನಮಗೆ ಗೊತ್ತಾದದ್ದು. ಶಾದ್ಲೂಯಿಗೆ ಹತ್ತನೇ ಆವೃತ್ತಿಯ ಹರಾಜಿನಲ್ಲಿ 2.35 ಕೋಟಿ ಬಂತು.

ಇದನ್ನು ಹಿಡಿದುಕೊಂಡು "ಮಾರುಕಟ್ಟೆ ಸರಿಯಾಯಿತಲ್ಲ, ಮತ್ತೇನು ಗೋಳು?" ಎನ್ನುವವರೂ ಇದ್ದಾರೆ. ಅದೇ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ ಬಂತು, ಅಂತರ ಹೆಚ್ಚಿಲ್ಲ, ಒಪ್ಪಿದೆ. ಆದರೆ ಆ 2.35 ಕೋಟಿ ಹೋದದ್ದು ಇರಾನಿಗೆ. ಕೋಟಿ ಮುಟ್ಟಿದ ಮೊದಲ ಹಿಡಿತಗಾರ ಇರಾನಿನವ, ಎರಡು ಕೋಟಿ ದಾಟಿದವನೂ ಇರಾನಿನವ. ಹಿಡಿತವನ್ನು ಕಸುಬಿನಂತೆ ಕಲಿಸುವ ನಾಡಿಗೆ ದುಡ್ಡು ಹೋಗುತ್ತದೆ, ಹಿಡಿತವನ್ನು ಉಳಿಕೆ ಹುಡುಗರಿಗೆ ಬಿಡುವ ನಾಡಿಗೆ ಹೋಗುವುದಿಲ್ಲ. ಇದರಲ್ಲಿ ಮಾರುಕಟ್ಟೆಯ ತಪ್ಪು ಏನೂ ಇಲ್ಲ. ತಪ್ಪು ನಮ್ಮ ಶಾಲೆಯ ಅಂಗಳದ್ದು.

ಜನ ರೈಡಿಗೇ ಬರುವುದು ಎಂಬ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಒಂದು ಗಂಟೆಗೆ ಅಂಗಳದಲ್ಲಿ ಇಬ್ಬರೇ ಉಳಿದಿದ್ದು, ಎದುರಿನ ಮುಖ್ಯ ರೈಡರ್ ಆಲೌಟ್ ಮಾಡಿ ಲೋನಾ ಹಾಕಲು ತೊಡೆ ತಟ್ಟಿ ಬಂದು, ಅವನನ್ನು ಆ ಇಬ್ಬರೇ ಕೆಡಹಿದಾಗ ಗ್ಯಾಲರಿ ಹೇಗೆ ಎದ್ದು ನಿಲ್ಲುತ್ತದೆಂದು ನೋಡಿದವರಿಗೆ ಗೊತ್ತು. ವೀಕ್ಷಕ ವಿವರಣೆಗಾರನ ಮೈಕು ಆಗ ಯಾರಿಗೂ ಕೇಳಿಸುವುದಿಲ್ಲ.

ಬಾಳುವೆಯ ಮಾತು ಉಳಿಯಿತು. ರೈಡರಿನ ಬಾಳುವೆ ಕಾಲಿನ ವೇಗದ ಮೇಲೆ ನಿಂತಿದೆ, ವೇಗ ಮೊದಲು ಹೋಗುತ್ತದೆ. ಹಿಡಿತಗಾರನ ಬಂಡವಾಳ ಕಣ್ಣು ಮತ್ತು ಕಾಯುವ ತಾಳ್ಮೆ, ಅದು ವಯಸ್ಸಿನ ಜೊತೆ ಹೆಚ್ಚುತ್ತದೆ. ತಮಿಳುನಾಡಿನ ಧರ್ಮರಾಜ್ ಚೇರಲಾತನ್ ಹುಟ್ಟಿದ್ದು 1975ರಲ್ಲಿ. ಪ್ರೊ ಕಬಡ್ಡಿ ಶುರುವಾದ 2014ರಲ್ಲಿ ಅವರಿಗೆ ಮೂವತ್ತೊಂಬತ್ತು, ಬೇರೆಯವರು ಕೋಚ್ ಆಗುವ ವಯಸ್ಸು. ಅವರು ಬಲ ಕಾರ್ನರಿನಲ್ಲಿ ನಿಂತರು. 2016ರಲ್ಲಿ ಪಟ್ನಾದ ನಾಯಕನಾಗಿ ಕಪ್ಪೆತ್ತಿದರು, ಅದೇ ವರ್ಷ ಅಹಮದಾಬಾದಿನಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲೂ ಇದ್ದರು, 2019ರಲ್ಲಿ ನಲವತ್ತನಾಲ್ಕಕ್ಕೂ ಆಡುತ್ತಿದ್ದರು. ಫಜಲ್ ಅತ್ರಾಚಲಿ 2015ರಲ್ಲಿ ಯು ಮುಂಬಾಕ್ಕೆ ಬಂದಾಗ ಅಲ್ಲಿ ಕೋಚ್ ಆಗಿದ್ದವರು ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಇ. ಭಾಸ್ಕರನ್, ಈಗ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು. ಫಜಲ್ ಬಂದ ಮೊದಲ ವರ್ಷವೇ ಕಪ್ಪು. ಹತ್ತು ವರ್ಷ ಕಳೆದು 2025ರಲ್ಲಿ ಕಪ್ಪೆತ್ತಿದ ದಬಾಂಗ್ ದೆಹಲಿಯಲ್ಲೂ ಫಜಲ್ ಇದ್ದರು. ನಡುವೆ ಐನೂರು ಟ್ಯಾಕಲ್ ಪಾಯಿಂಟ್ ದಾಟಿದರು, ಲೀಗಿನಲ್ಲಿ ಮೊದಲಿಗರಾಗಿ. ಒಂದೇ ಆವೃತ್ತಿಯಲ್ಲಿ 369 ತಂದ ಪರ್ದೀಪ್ ನರ್ವಾಲ್‌ರನ್ನು ಅದೇ 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಅವರು ಆಟ ಬಿಟ್ಟರು. ಅವರು ಫಜಲ್‌ಗಿಂತ ಚಿಕ್ಕವರು. ಪರ್ದೀಪರಂಥ ರೈಡರ್ ಇನ್ನು ಹುಟ್ಟುತ್ತಾನೋ ಇಲ್ಲವೋ. ಅವರ ಹೆಸರು ಇಲ್ಲಿ ತಂದದ್ದು ಹೀಯಾಳಿಸಲಿಕ್ಕಲ್ಲ, ಯಾರದು ಬಾಳುವೆ ಎಂದು ಕೇಳುವ ಅಪ್ಪಂದಿರಿಗೆ ಲೆಕ್ಕ ತೋರಿಸಲಿಕ್ಕೆ.

ಮೊಣಕಾಲಿನ ಭಯ ಸುಳ್ಳಲ್ಲ. ಓಡಿಬರುವ ರೈಡರಿನ ಕಾಲಿಗೆ ಬೀಳುವವನ ಲಿಗಮೆಂಟು, ಭುಜ, ಬೆರಳು ಎಲ್ಲ ಅಪಾಯದಲ್ಲೇ ಇರುತ್ತವೆ. ಇದು ಹಿಡಿತ ಬೇಡ ಎನ್ನಲಿಕ್ಕೆ ಕಾರಣವಾಗುವುದಿಲ್ಲ, ಹಿಡಿತವನ್ನು ಸರಿಯಾಗಿ ಕಲಿಸಲಿಕ್ಕೆ ಕಾರಣವಾಗುತ್ತದೆ. ತಲೆ ಎಲ್ಲಿಡಬೇಕು, ಬೀಳುವಾಗ ಯಾವ ಮಗ್ಗುಲು ಎಂದು ಯಾರೂ ಹೇಳಿಕೊಡದೆ "ಬಿಡಬೇಡ, ಹಿಡಿ" ಎಂದು ಮಾತ್ರ ಬೊಬ್ಬೆ ಹಾಕಿದರೆ ಮೊಣಕಾಲು ಹೋಗದೆ ಇನ್ನೇನಾಗುತ್ತದೆ? ನೌಕರಿಯ ಕತೆಯೂ ಹಾಗೆಯೇ. ಹಿಂದೆ ಕರಾವಳಿಯ ಕಬಡ್ಡಿಯವನಿಗೆ ಬ್ಯಾಂಕಿನ ತಂಡ ಎಂಬ ಒಂದು ಆಸರೆ ಇತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್‌ಗೆ ತನ್ನದೇ ಕಬಡ್ಡಿ ತಂಡವಿತ್ತು. 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಉಳಿದಿರುವ ಕ್ರೀಡಾ ಕೋಟಾಕ್ಕೆ ಆಯ್ಕೆ ಮಾಡುವವರು ಸರ್ಟಿಫಿಕೇಟು ಕೇಳುತ್ತಾರೆ, ಅಂಕಿ ಕೇಳುತ್ತಾರೆ. ರೈಡರಿನ ಹತ್ತಿರ ಅಂಕಿ ಉಂಟು. ಹಿಡಿಯುವವನ ಹತ್ತಿರ ಏನುಂಟು?

ಏನೂ ಇಲ್ಲ, ಯಾಕೆಂದರೆ ನಾವು ಬರೆಯಲಿಲ್ಲ. ವಿಚಿತ್ರವೆಂದರೆ ನಮ್ಮ ಪಂದ್ಯಾಟಗಳ ಆಮಂತ್ರಣ ಪತ್ರಿಕೆ ಪ್ರೊ ಕಬಡ್ಡಿ ಹುಟ್ಟುವುದಕ್ಕಿಂತ ಮೊದಲೇ ನ್ಯಾಯವಾಗಿತ್ತು. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಮೂರು ವೈಯಕ್ತಿಕ ಬಹುಮಾನ ಇಲ್ಲಿಯ ಸಣ್ಣ ಯುವಕ ಮಂಡಲದ ಪಂದ್ಯಾಟದಲ್ಲೂ ಉಂಟು. ಟ್ರೋಫಿಯೂ ಒಂದೇ ಎತ್ತರದ್ದು. ಆದರೆ ಬೆಳಗಿನ ನಾಲ್ಕು ಗಂಟೆಗೆ ಉತ್ತಮ ಹಿಡಿತಗಾರ ಯಾರೆಂದು ನಿರ್ಧರಿಸುವುದು ಯಾವ ಕಾಗದ ನೋಡಿ? ಫೈನಲಿನಲ್ಲಿ ಕಣ್ಣಿಗೆ ಬಿದ್ದವನಿಗೆ, ಇಲ್ಲವೇ ರನ್ನರ್ಸ್ ತಂಡದವರನ್ನು ಸಮಾಧಾನ ಮಾಡಲಿಕ್ಕೆ. ಲೀಗ್ ಹಂತದಲ್ಲಿ ಮೂರು ಪಂದ್ಯ ಎಡ ಕಾರ್ನರಿನಲ್ಲಿ ನಿಂತು ತಂಡವನ್ನು ದಾಟಿಸಿದ ಹುಡುಗ ಆ ಹೊತ್ತಿಗೆ ರಬ್ಬರಿಗೆ ಕತ್ತಿ ಹಾಕಲು ಮನೆಗೆ ಹೋಗಿರುತ್ತಾನೆ.

ಆದ್ದರಿಂದ ಆಲೆಟ್ಟಿಯಲ್ಲಾಗಲಿ, ಸುಳ್ಯ ಪೇಟೆಯಲ್ಲಾಗಲಿ, ಪುತ್ತೂರು ಕಡಬದಲ್ಲಾಗಲಿ ಈ ಸಲ ಪಂದ್ಯಾಟ ಮಾಡುವವರಲ್ಲಿ ನನ್ನ ವಿನಂತಿ ಇಷ್ಟು. ಸ್ಕೋರ್ ಶೀಟಿನಲ್ಲಿ ಮೂರು ಕಾಲಮ್ಮು ಹೆಚ್ಚು ಎಳೆಯಿರಿ: ಮೊದಲು ಹಿಡಿದವನ ಹೆಸರು, ಬೆಂಬಲಕ್ಕೆ ಬಂದವರ ಹೆಸರು, ಸಿಕ್ಕಿದ ರೈಡರ್ ಎಷ್ಟು ನಿಮಿಷ ಹೊರಗೆ ಕೂತ. ಸ್ಕೋರರ್ ಪಕ್ಕದಲ್ಲಿ ಹೈಸ್ಕೂಲಿನ ಒಬ್ಬ ಹುಡುಗನನ್ನು ಕೂರಿಸಿದರೆ ಆಗುವ ಕೆಲಸ. ಉತ್ತಮ ಹಿಡಿತಗಾರನನ್ನು ಆ ಕಾಗದ ನೋಡಿ ಆರಿಸಿ. ಕಾಗದದ ಒಂದು ಪ್ರತಿಯನ್ನು ಆ ಹುಡುಗನ ಕೈಗೂ ಕೊಡಿ. ನಾಳೆ ಕೋಟಾದ ಮೇಜಿನ ಮುಂದೆ ನಿಂತಾಗ ಅವನಿಗೆ ಅದು ಬೇಕಾಗುತ್ತದೆ.